ನಮ್ಮ ಮನೆಯ ಪರಿಷ್ಕೃತ ಮಾರ್ಗಸೂಚಿ

ಲಾಕ್‌ಡೌನ್ ಬೇಕೋ ಬೇಡವೋ ಎಂಬ ವಿಷಯದಲ್ಲಿ ನಾಡು ಎರಡು ಬಣವಾಗಿತ್ತು ಎಂದು ಈಗ ಎಲ್ಲರೂ ಬರೆಯುತ್ತಾರೆ. ಎರಡೇ ಆಗಿದ್ದರೆ ನಾನು ಸುಖವಾಗಿರುತ್ತಿದ್ದೆ. ಬನಶಂಕರಿಯ ನಮ್ಮ ಮನೆಯೊಂದರಲ್ಲೇ ನಾಲ್ಕು ಪಕ್ಷಗಳಿದ್ದವು, ಮೇಲೊಬ್ಬ ಪಕ್ಷಾಂತರಿ.

ಮೊದಲನೆಯದು ಅಣ್ಣನ ಆದೇಶ ಪಕ್ಷ. (ಅಪ್ಪನನ್ನು ಅಣ್ಣ ಎನ್ನುವ ಮನೆ ನಮ್ಮದು.) ಖಜಾನೆ ಇಲಾಖೆಯಲ್ಲಿ ಬಂದ ಬಿಲ್ಲಿಗೆಲ್ಲ ಆಕ್ಷೇಪಣೆ ಬರೆದು ನಿವೃತ್ತರಾದವರು. ಸರ್ಕಾರ ಮಾಡಿದ್ದು ಸರಿಯೋ ತಪ್ಪೋ ಎಂಬುದು ಅವರಿಗೆ ಪ್ರಶ್ನೆಯೇ ಅಲ್ಲ. ಆದೇಶದ ಸಂಖ್ಯೆ, ದಿನಾಂಕ, ಎಷ್ಟು ಗಂಟೆಯಿಂದ ಜಾರಿ, ಇಷ್ಟು ಸಿಕ್ಕಿದರೆ ಕೆಂಪು ಪೆನ್ಸಿಲ್ ಹಿಡಿದು ಕೂತುಬಿಡುತ್ತಾರೆ. ಎರಡನೆಯದು ಅಮ್ಮನದು. ದೇವಸ್ಥಾನವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಲಿ ಎಂಬುದು ಅವರ ಪ್ರಣಾಳಿಕೆ. ಮೂರನೆಯದು ನನ್ನವಳದು. ಅವಳಿಗೆ ಲಾಕ್‌ಡೌನ್ ಬಗ್ಗೆ ತಕರಾರಿರಲಿಲ್ಲ, ಅದರೊಳಗೆ ಇಡೀ ದಿನ ನಾನೂ ಇರುತ್ತೇನಲ್ಲ, ಅದರ ಬಗ್ಗೆ ಇತ್ತು. ನಾಲ್ಕನೆಯದು ಎಸ್ಸೆಸ್ಸೆಲ್ಸಿಯಲ್ಲಿದ್ದ ಮಗಳದು. ಪರೀಕ್ಷೆ ಮುಂದಕ್ಕೆ ಹೋಗುವವರೆಗೆ ಲಾಕ್‌ಡೌನಿಗೆ ಬೇಷರತ್ ಬೆಂಬಲ, ಹೋದ ಮೇಲೆ ಉಗ್ರ ವಿರೋಧ.

ಪಕ್ಷಾಂತರಿ ನಾನು. 2019ರಲ್ಲಿ ನಮ್ಮ ಶಾಸಕರು ಮುಂಬಯಿಯ ಹೋಟೆಲಿನಲ್ಲಿ ಕೂತು ರಾಜ್ಯದ ಸರ್ಕಾರವನ್ನೇ ಬದಲಾಯಿಸಿದಾಗ ಟಿವಿ ಮುಂದೆ ಅವರಿಗೆ ಸಹಸ್ರನಾಮ ಮಾಡಿದ್ದವನು ನಾನೇ. ಅವರಾದರೂ ಒಂದೇ ಸಲ ಪಕ್ಷ ಬಿಟ್ಟರು. ನಾನು ಬೆಳಿಗ್ಗೆ ಹಾಲು ತರಲು ಹೋದಾಗ ಸ್ವಾತಂತ್ರ್ಯವಾದಿ, ತಂದಾದ ಮೇಲೆ ಕಿಟಕಿಯಲ್ಲಿ ನಿಂತು ಬೀದಿಯಲ್ಲಿ ಹೋಗುವವರನ್ನು ಎಣಿಸುವಾಗ ಕಟ್ಟಾ ಲಾಕ್‌ಡೌನ್‌ವಾದಿ. ನಾನು ಹೊರಟರೆ ಅದು ಅಗತ್ಯ, ಎದುರು ಮನೆಯವರು ಹೊರಟರೆ ಸುತ್ತಾಟ. ಈ ಸಿದ್ಧಾಂತ ನನ್ನೊಬ್ಬನದೇ ಎಂದು ಮೊದಲು ಹೆಮ್ಮೆಪಟ್ಟಿದ್ದೆ. ಆಮೇಲೆ ನೋಡಿದರೆ ಎದುರು ಮನೆಯವರೂ ಕಿಟಕಿಯಲ್ಲಿ ನಿಂತು ನನ್ನನ್ನೇ ಎಣಿಸುತ್ತಿದ್ದರು.

ಎದುರು ಮನೆಯವರೆಂದರೆ ನಿವೃತ್ತ ಎಂಜಿನಿಯರ್ ರಾಯರು. ಮಗ ಸ್ವೀಡನ್ನಿನಲ್ಲಿ. ಯುರೋಪೆಲ್ಲ ಬಾಗಿಲು ಹಾಕಿಕೊಂಡಾಗ ಸ್ವೀಡನ್ ಹಾಕಿಕೊಳ್ಳಲಿಲ್ಲವಾದ್ದರಿಂದ ರಾಯರಿಗೆ ಆ ದೇಶದ ರಾಯಭಾರಿ ಹುದ್ದೆ ತಾನಾಗಿ ಬಂದಿತ್ತು. ನಾನು ನಮ್ಮ ರಸ್ತೆಯ ನಿವಾಸಿಗಳ ಸಂಘದ ಜಂಟಿ ಕಾರ್ಯದರ್ಶಿ. ಕಸದ ಗಾಡಿ ಬರಲಿಲ್ಲವೆಂದು ಫೋನು ಮಾಡುವುದು ಬಿಟ್ಟರೆ ಆ ಹುದ್ದೆಗೆ ಬೇರೆ ಅಧಿಕಾರ ಇರಲಿಲ್ಲ. ಕೊರೊನಾ ಬಂದು ಅದಕ್ಕೊಂದು ಗಾಂಭೀರ್ಯ ಕೊಟ್ಟಿತು.

2020ರ ಮಾರ್ಚ್ 24, ಯುಗಾದಿಯ ಹಿಂದಿನ ರಾತ್ರಿ. ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 21 ದಿನ ದೇಶವೇ ಬಂದ್, ಹೊಸಿಲಿಗೆ ಲಕ್ಷ್ಮಣರೇಖೆ ಎಳೆದಿದೆ ಎಂದುಕೊಳ್ಳಿ ಎಂದರು. ನಾನು ಕೈಮುಗಿದು ಕೇಳುತ್ತಿದ್ದೆ. ಅಡುಗೆಮನೆಯಿಂದ ದನಿ ಬಂತು.

"ರೀ, ಬೆಲ್ಲ ಇಲ್ಲ."

ಬೇವು ಬೀದಿಯ ಮರದಲ್ಲಿತ್ತು. ಬೆಲ್ಲವಿಲ್ಲದೆ ಬರೀ ಬೇವು ತಿಂದು ಶಾರ್ವರಿ ಸಂವತ್ಸರವನ್ನು ಬರಮಾಡಿಕೊಂಡರೆ ಮುಂದೇನು ಗತಿ ಎಂದು ಅಮ್ಮ ಹೆದರಿಸಿದರು. ಚೀಲ ಹಿಡಿದು ಓಡಿದೆ. ಮನೆಯಲ್ಲೇ ಇರಿ ಎಂಬ ಮಾತನ್ನು ಪಾಲಿಸುವುದಕ್ಕೆ ಬೇಕಾದ ಸಾಮಾನು ಕೊಳ್ಳಲು ಇಡೀ ಬಡಾವಣೆ ಮನೆಯಿಂದ ಹೊರಗೆ ಬಂದಿತ್ತು. ದಿನಸಿ ಅಂಗಡಿಯ ಮುಂದೆ ಜಾತ್ರೆ. ನಾನು ನುಗ್ಗಿ ನುಗ್ಗಿ ಕಟ್ಟೆಯ ತನಕ ಹೋಗಿ, ಅಲ್ಲಿ ಕಾಲೂರಲು ಜಾಗ ಸಿಕ್ಕಿದ ಮೇಲೆ ಹಿಂದೆ ತಿರುಗಿ, "ದೂರ ದೂರ ನಿಂತ್ಕೊಳ್ರೀ! ಪ್ರಧಾನಿ ಹೇಳಿದ್ದು ಕೇಳಿಸ್ಲಿಲ್ವಾ?" ಎಂದು ಗದರಿದೆ. ನನ್ನ ಮೊಣಕೈ ಆಗ ಯಾರದೋ ಪಕ್ಕೆಲುಬಿನಲ್ಲಿತ್ತು. ಪಕ್ಕೆಲುಬು ರಾಯರದು.

"ನೀವ್ಯಾಕ್ರೀ ಬಂದ್ರಿ ಹಾಗಾದ್ರೆ?"

"ನನಗೆ ಬೆಲ್ಲ ಬೇಕಿತ್ತು."

"ನನಗೇನು ಜಲ್ಲಿಕಲ್ಲು ಬೇಕಿತ್ತಾ?"

ಇದು ನಾವಿಬ್ಬರೂ ಲಾಕ್‌ಡೌನ್ ಕುರಿತು ನಡೆಸಿದ ಮೊದಲ ಸಾರ್ವಜನಿಕ ಸಂವಾದ. ಅಂಗಡಿಯಲ್ಲಿದ್ದ ಕೊನೆಯ ಅಚ್ಚುಬೆಲ್ಲ ರಾಯರ ಪಾಲಾಯಿತು. ಮರುದಿನ ನಾವು ಬೇವು-ಸಕ್ಕರೆ ತಿಂದೆವು.

ಮೊದಲ ವಾರದ ವಿವಾದ ಪತ್ರಿಕೆಯದು. ಪೇಪರಿನ ಮೇಲೆ ಸೀದಾ ವೈರಸ್ಸೇ ಕೂತು ಬರುತ್ತದೆ ಎಂದು ಅಮ್ಮನಿಗೆ ಯಾರೋ ಫೋನಿನಲ್ಲಿ ಹೇಳಿದ್ದರು. ಅಣ್ಣ ಮಾರ್ಗಸೂಚಿ ತೆಗೆದು ಮುದ್ರಣ ಮಾಧ್ಯಮಕ್ಕೆ ವಿನಾಯಿತಿ ಇದೆ ಎಂಬ ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿದರು. ಗೆರೆ ಎಳೆದರೆ ವೈರಸ್ ಸಾಯುತ್ತಾ ಎಂದು ಅಮ್ಮ ಕೇಳಿದರು. ಕೊನೆಗೆ ಸರ್ವಪಕ್ಷ ಸಭೆಯಲ್ಲಿ ಒಪ್ಪಂದವಾಯಿತು: ಪೇಪರು ಮಧ್ಯಾಹ್ನದವರೆಗೆ ತಾರಸಿಯ ಬಿಸಿಲಿನಲ್ಲಿ, ಆಮೇಲೆ ಇಸ್ತ್ರಿ, ಆಮೇಲೆ ಅಣ್ಣನ ಕೈಗೆ. ಇಸ್ತ್ರಿ ಮಾಡುವ ಖಾತೆ ನನ್ನದು. ಪುರವಣಿ ಹದವಾಗಿ ಬರುತ್ತಿತ್ತು, ಮುಖಪುಟ ಮಾತ್ರ ಸ್ವಲ್ಪ ಸೀಯುತ್ತಿತ್ತು. "ಮದುವೆಯಾದಾಗಿನಿಂದ ನಿಮ್ಮ ಒಂದು ಶರ್ಟನ್ನೂ ನೀವು ಇಷ್ಟು ಪ್ರೀತಿಯಿಂದ ಇಸ್ತ್ರಿ ಮಾಡ್ಕೊಂಡಿದ್ದು ನೋಡಿಲ್ಲ," ಎಂದಳು ನನ್ನವಳು. ಮರುದಿನದಿಂದ ಶರ್ಟೂ ನನ್ನ ಖಾತೆಗೆ ಬಂತು.

ಮುಂದಿನದು ಕಾಫಿಪುಡಿಯ ಪ್ರಕರಣ. ಹಾಲು, ತರಕಾರಿ, ದಿನಸಿ, ಔಷಧಿ ಅಗತ್ಯ ವಸ್ತು. ಕಾಫಿಪುಡಿ? ಮನೆಯ ಮೂಲೆಯ ಅಂಗಡಿಯಲ್ಲಿ ಪ್ಯಾಕೆಟ್ ಪುಡಿ ಸಿಗುತ್ತಿತ್ತು, ಚಿಕೋರಿ ನಲವತ್ತು ಭಾಗದ್ದು. ನನಗೆ ಗಾಂಧಿಬಜಾರಿನಲ್ಲಿ ಕಣ್ಣೆದುರೇ ಬೀಸಿಕೊಡುವ ಎಂಬತ್ತು-ಇಪ್ಪತ್ತೇ ಬೇಕು. ಅರವತ್ತು-ನಲವತ್ತರಲ್ಲಿ ಡಿಕಾಕ್ಷನ್ ಇಳಿಯುತ್ತದೆ, ಆದರೆ ಬೆಳಗಾಗುವುದಿಲ್ಲ. ಇದನ್ನು ಮನೆಯಲ್ಲಿ ಮಂಡಿಸಿದೆ. ಎಂಬತ್ತು-ಇಪ್ಪತ್ತಾದರೆ ಅಗತ್ಯ ವಸ್ತು, ಅರವತ್ತು-ನಲವತ್ತಾದರೆ ಅಲ್ಲ ಅಂತ ಯಾವ ಸರ್ಕಾರ ಹೇಳಿದೆ, ತೋರಿಸಿ ಎಂದಳು ನನ್ನವಳು. ಅಣ್ಣ ಮಾರ್ಗಸೂಚಿಯನ್ನು ಮೂರು ಸಲ ತಿರುವಿ, ಚಿಕೋರಿಯ ಪ್ರಸ್ತಾಪವೇ ಇಲ್ಲವೆಂದು ತೀರ್ಪು ಕೊಟ್ಟರು.

ಆದರೂ ಹೊರಟೆ. ಆಗ ಪೊಲೀಸರ ಲಾಠಿಯ ವಿಡಿಯೋಗಳು ಮನೆಮನೆಯಲ್ಲಿ ಓಡುತ್ತಿದ್ದವು. ಹೊಡೆಯಬೇಕು, ಹೊಡೆದರೇ ಬುದ್ಧಿ ಬರುವುದು ಎಂದು ಅರ್ಧ ಊರು, ಹಾಲು ತರಲು ಹೋದವನಿಗೂ ಹೊಡೆಯುವುದೇ ಎಂದು ಇನ್ನರ್ಧ. ನಾನು ಸೋಫಾದ ಮೇಲಿದ್ದಾಗ ಮೊದಲ ಗುಂಪಿನಲ್ಲಿದ್ದೆ. ಸ್ಕೂಟರಿನ ಮೇಲೆ ಕೂತ ಗಳಿಗೆಯಲ್ಲೇ ಎರಡನೆಯ ಗುಂಪಿಗೆ ಸೇರಿದೆ. ಮುನ್ನೆಚ್ಚರಿಕೆಗೆ ಚೀಲದೊಳಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು, ಎಲೆ ಹೊರಗೆ ಕಾಣುವ ಹಾಗೆ ಇಟ್ಟುಕೊಂಡಿದ್ದೆ. ಬ್ಯಾರಿಕೇಡಿನ ಹತ್ತಿರ ಕಾನ್‌ಸ್ಟೇಬಲ್ ನಿಲ್ಲಿಸಿದರು.

"ಎಲ್ಲಿಗ್ ಸಾರ್?"

"ತರಕಾರಿಗೆ."

"ಬನಶಂಕರೀಲಿ ಕೊತ್ತಂಬರಿ ಸೊಪ್ಪು ಸಿಗಲ್ವಾ?"

"ಅಲ್ಲೇ ತಗೊಂಡಿದ್ದು."

"ಮತ್ತೆ ಈ ಕಡೆ ಯಾಕ್ ತಂದ್ರಿ, ತೋರ್ಸಕ್ಕಾ?"

ಹಿಂದೆ ನಿಂತಿದ್ದ ಬೈಕಿನವನು ನಕ್ಕ. ಕಾನ್‌ಸ್ಟೇಬಲ್ ಮಾತ್ರ ನಗದೆ, ನನ್ನನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಹೇಳಿದರು: "ಕಾಫಿಪುಡಿ ಅಂಗಡಿ ಮುಚ್ಚಿದೆ ಸಾರ್. ಬೆಳಿಗ್ಗೆಯಿಂದ ನಿಮ್ಮಂಥೋರೇ ಬರ್ತಾವ್ರೆ." ಲಾಠಿಯ ಏಟಾದರೆ ಎರಡು ದಿನಕ್ಕೆ ಇಳಿಯುತ್ತಿತ್ತು.

ಮೇ 4ರಂದು ಮದ್ಯದಂಗಡಿಗಳು ತೆರೆದಾಗ ನಮ್ಮ ಮನೆಯ ನಾಲ್ಕೂ ಪಕ್ಷಗಳು ಮೊದಲ ಸಲ ಒಂದಾದವು. ಮೊದಲ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ, ಮರುದಿನ 197 ಕೋಟಿ ಎಂದು ಟಿವಿಯಲ್ಲಿ ಬಂದಾಗ ಅಣ್ಣ ಖಜಾನೆಯ ದೃಷ್ಟಿಯಿಂದ "ಭೇಷ್" ಎಂದು ಬಾಯಿ ತಪ್ಪಿ ಹೇಳಿಬಿಟ್ಟರು. ಅಮ್ಮ ಆ ರಾತ್ರಿ ಅವರಿಗೆ ಹುಳಿಯಿಲ್ಲದ ಅನ್ನ ಬಡಿಸಿದರು. "ಗಣಪತಿ ಗುಡಿಗೆ ಬೀಗ, ಆ ಅಂಗಡಿ ಬಾಗಿಲಿಗೆ ಹೂವಿನ ಹಾರ. ಎಂಥಾ ಕಾಲ ಬಂತಪ್ಪಾ." ಗುಡಿಗಳ ಬಾಗಿಲು ತೆರೆದದ್ದು ಜೂನ್ 8ಕ್ಕೆ. ಅಷ್ಟು ದಿನವೂ ಅಮ್ಮ ಸರ್ಕಾರಕ್ಕೆ ಹಾಕಿದ ಶಾಪದಲ್ಲಿ ಒಂದಂಶ ತಗುಲಿದ್ದರೂ ಮಂತ್ರಿಮಂಡಲ ಉಳಿಯುತ್ತಿರಲಿಲ್ಲ.

ಮಗಳ ಹೋರಾಟ ಇದಕ್ಕಿಂತ ದೊಡ್ಡದು. ಮಾರ್ಚ್ ಕೊನೆಗೆ ಆಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ನಡೆಸಲೇಬೇಕು ಎಂದು ಶಿಕ್ಷಣ ಸಚಿವ ಸುರೇಶ್ ಕುಮಾರ್, ಮಕ್ಕಳನ್ನು ಬಲಿ ಕೊಡಬೇಡಿ ಎಂದು ಪೋಷಕರಲ್ಲಿ ಒಂದು ಪಾಲು, ಕೋರ್ಟು ಕಚೇರಿ, ದಿನಕ್ಕೊಂದು ಸುದ್ದಿ. ಪಕ್ಕದ ತೆಲಂಗಾಣದಲ್ಲೂ ತಮಿಳುನಾಡಿನಲ್ಲೂ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ಕೈಬಿಟ್ಟರು. "ಹೊಸೂರಲ್ಲಿ ಹುಟ್ಟಿದ್ರೆ ಪಾಸು, ಬನಶಂಕರೀಲಿ ಹುಟ್ಟಿದ್ದಕ್ಕೆ ಗಣಿತ. ನಾನೇನು ಪಾಪ ಮಾಡಿದ್ದೆ?" ಎಂದು ಮಗಳು ಅನ್ನದ ತಟ್ಟೆ ತಳ್ಳಿದಳು. ನಾನು ಬೆಳಿಗ್ಗೆ, ಪರೀಕ್ಷೆ ಬೇಡವೇ ಬೇಡ, ಮಗು ಮುಖ್ಯ ಎಂದೆ. ಮಧ್ಯಾಹ್ನ ಅವಳು ಆ ಖುಷಿಗೆ ಪುಸ್ತಕಗಳನ್ನು ಅಟ್ಟಕ್ಕೆ ಹಾಕುವುದನ್ನು ನೋಡಿ, ಪರೀಕ್ಷೆ ನಡೆಯಲೇಬೇಕು ಎಂದೆ. ಅವಳು ಪರೀಕ್ಷೆ ಬರೆದಳು. ಜ್ವರ ನೋಡುವ ಯಂತ್ರವನ್ನು ಹಣೆಗೆ ಹಿಡಿದಾಗ ಅವಳದು ಸರಿಯಾಗಿತ್ತು, ಗೇಟಿನ ಹೊರಗೆ ನಿಂತಿದ್ದ ನನ್ನವಳದು ಏರಿತ್ತು.

ಅಕ್ಟೋಬರ್ ಹೊತ್ತಿಗೆ ಮಾಸ್ಕ್ ದಂಡದ ಜಗಳ. ನಗರದಲ್ಲಿ 200 ರೂಪಾಯಿ ಇದ್ದದ್ದನ್ನು ಸರ್ಕಾರ ಒಮ್ಮೆಲೇ 1000 ಮಾಡಿತು. ಜನ ಬೊಬ್ಬೆ ಹೊಡೆದರು. ಕೆಲವೇ ದಿನಗಳಲ್ಲಿ ಅದು 250ಕ್ಕೆ ಇಳಿಯಿತು. ಸಂಘದ ಸಭೆಯಲ್ಲಿ ನನ್ನ ನಿಲುವು ಸ್ಪಷ್ಟವಾಗಿತ್ತು: ರಾಯರಿಗೆ 1000 ಸರಿ, ನನಗೆ 200 ಜಾಸ್ತಿ. ರಾಯರು ಮಾಸ್ಕನ್ನು ಗದ್ದಕ್ಕೆ ಹಾಕುವವರು. ನಾನು ಮೂಗಿನ ಕೆಳಗೆ ಹಾಕುವವನು. ಇವೆರಡರಲ್ಲಿ ಯಾವುದು ಹೆಚ್ಚು ಅಪರಾಧ ಎಂದು ರಸ್ತೆಯ ಈ ಬದಿ ಆ ಬದಿ ನಿಂತು, ಆರಡಿ ಅಂತರವನ್ನು ಕಟ್ಟುನಿಟ್ಟಾಗಿ ಕಾಯ್ದುಕೊಂಡು, ಅಂತರದ ದೆಸೆಯಿಂದಲೇ ಕಿರುಚಿ ಕಿರುಚಿ ವಾದ ಮಾಡಿದೆವು. ಇಬ್ಬರಿಗೂ ದನಿ ಸಾಲದೆ ಮಾಸ್ಕ್ ಪೂರ್ತಿ ತೆಗೆದದ್ದು ಆಗಲೇ.

ಇವೆಲ್ಲಕ್ಕಿಂತ ನನಗೆ ಅಚ್ಚುಮೆಚ್ಚು 2020ರ ಡಿಸೆಂಬರಿನ ರಾತ್ರಿ ಕರ್ಫ್ಯೂ. 23ರ ಬೆಳಿಗ್ಗೆ, ಇವತ್ತಿನಿಂದಲೇ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕರ್ಫ್ಯೂ ಎಂದರು. ಅಣ್ಣ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಮನೆಯವರಿಗೆ ಒಂಬತ್ತೂವರೆಗೇ ಗೇಟಿಗೆ ಬೀಗ ಎಂದು ಸುತ್ತೋಲೆ ಹೊರಡಿಸಿದರು. ಮಧ್ಯಾಹ್ನ ರಾಯರು ಗೇಟಿಗೆ ಒರಗಿ, "ಅಲ್ರೀ, ಕೊರೊನಾ ಏನು ರಾತ್ರಿ ಪಾಳಿ ಮಾಡುತ್ತಾ? ಹಗಲೆಲ್ಲ ರಜಾನಾ?" ಎಂದು ನನ್ನನ್ನು ಕೇಳಿದರು, ಆದೇಶಕ್ಕೆ ಸಹಿ ಹಾಕಿದವನು ನಾನೇ ಎಂಬಂತೆ. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಕೇಳಿದವರು ರಾಯರಾದ್ದರಿಂದ ನಾನು ರಾತ್ರಿ ಕರ್ಫ್ಯೂವನ್ನು ಸಮರ್ಥಿಸಬೇಕಾಯಿತು. ಹೊಸ ವರ್ಷದ ಕುಣಿತ, ಬ್ರಿಗೇಡ್ ರಸ್ತೆ, ಇಂಗ್ಲೆಂಡಿನ ಹೊಸ ತಳಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿ ಅರ್ಧ ಗಂಟೆ ಮಾತಾಡಿದೆ. ನಾನು ಸರ್ಕಾರವನ್ನು ಸಮರ್ಥಿಸಿದಷ್ಟು ಚೆನ್ನಾಗಿ ಸರ್ಕಾರವೇ ತನ್ನನ್ನು ಸಮರ್ಥಿಸಿಕೊಂಡಿರಲಾರದು.

ಅಷ್ಟರಲ್ಲಿ ಕರ್ಫ್ಯೂ ಇವತ್ತಿನಿಂದಲ್ಲ ನಾಳೆಯಿಂದ, ಹತ್ತರಿಂದಲ್ಲ ಹನ್ನೊಂದರಿಂದ, ಆರಕ್ಕಲ್ಲ ಐದಕ್ಕೆ ಎಂದು ತಿದ್ದುಪಡಿ ಬಂತು. ಅಣ್ಣ ಕ್ಯಾಲೆಂಡರಿನ ಗುರುತನ್ನು ರಬ್ಬರಿನಲ್ಲಿ ಅಳಿಸಿ ಹೊಸದಾಗಿ ಬರೆದರು, ಸುತ್ತೋಲೆಗೆ ತಿದ್ದೋಲೆ ಹೊರಡಿಸಿದರು. ರಾತ್ರಿ ಬಸ್ಸು ಓಡಬಹುದು, ಲಾರಿ ಓಡಬಹುದು, ಕ್ರಿಸ್‌ಮಸ್ ಪ್ರಾರ್ಥನೆಗೆ ಹೋಗಬಹುದು ಎಂದು ವಿನಾಯಿತಿಗಳು ಬಂದಂತೆ ಕ್ಯಾಲೆಂಡರಿನ ಅಂಚಿನಲ್ಲಿ ಟಿಪ್ಪಣಿಗಳೂ ಬೆಳೆದವು. 24ರಂದು, ಇನ್ನೇನು ಕರ್ಫ್ಯೂ ಶುರುವಾಗಬೇಕು ಎನ್ನುವಾಗ, ಸಾರ್ವಜನಿಕರ ಅಭಿಪ್ರಾಯವನ್ನು ಮನ್ನಿಸಿ ವಾಪಸು ಪಡೆದಿದ್ದೇವೆ ಎಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಪ್ರಕಟಿಸಿದರು. ಒಂದು ನಿಮಿಷವೂ ಜಾರಿಯಾಗದ ಕರ್ಫ್ಯೂವಿಗೆ ನಾನು ಎರಡು ದಿನ ಗಂಟಲು ಹರಿದುಕೊಂಡಿದ್ದೆ.

ಅಣ್ಣ ಪೆನ್ಸಿಲ್ ಕೆಳಗಿಟ್ಟರು. ಜೀವಮಾನದಲ್ಲಿ ಅವರು ಸರ್ಕಾರದ ವಿರುದ್ಧ ಆಡಿದ ಒಂದೇ ಮಾತು ಆಗ ಬಂತು: "ಹೀಗೆ ಮಾಡಿದ್ರೆ ಕಡತ ಯಾರು ಕಟ್ಟೋದು?"

ನನ್ನವಳು ಮಾತ್ರ ನಿರ್ಲಿಪ್ತೆ. 2020ರ ಮಾರ್ಚ್ ಮಧ್ಯದಲ್ಲಿ, ಅದ್ದೂರಿ ಮದುವೆಗಳು ಬೇಡವೆಂದು ಹೇಳಿದ ಮುಖ್ಯಮಂತ್ರಿಯೇ ಬೆಳಗಾವಿಯ ದೊಡ್ಡ ಮದುವೆಯೊಂದಕ್ಕೆ ಹೋಗಿ ಬಂದ ಸುದ್ದಿಯನ್ನು ಟಿವಿಯಲ್ಲಿ ನೋಡಿದಾಗಲೇ ಅವಳು ಎಲ್ಲ ಮಾರ್ಗಸೂಚಿಗಳ ಬಗ್ಗೆ ತೀರ್ಮಾನಕ್ಕೆ ಬಂದಿದ್ದಳು. ಯಾವ ವಾದ ಎದ್ದರೂ ಅವಳ ಬತ್ತಳಿಕೆಯಲ್ಲಿ ಬೆಳಗಾವಿ ಇರುತ್ತಿತ್ತು. ನಾನು ಕರೆಂಟ್ ಬಿಲ್ಲು ಕಟ್ಟುವುದು ತಡವಾದಾಗಲೂ ಒಮ್ಮೆ ಬೆಳಗಾವಿ ಬಂದದ್ದುಂಟು.

2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ನಗುವ ಮಾತು ಕಡಿಮೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅಂಗಡಿ, ತರಕಾರಿಗೂ ನಡೆದೇ ಹೋಗಬೇಕೆಂಬ ನಿಯಮ, ಅದಕ್ಕೆ ಎದ್ದ ಗಲಾಟೆ, ಆಮೇಲೆ ಕೊಟ್ಟ ಸಡಿಲಿಕೆ ಎಲ್ಲ ಇದ್ದವು. ಆದರೆ ರಸ್ತೆಯಲ್ಲಿ ವಾದ ಮಾಡಲು ಯಾರೂ ನಿಲ್ಲುತ್ತಿರಲಿಲ್ಲ, ಆಂಬುಲೆನ್ಸಿನ ಸದ್ದೇ ಸಾಕಾಗಿತ್ತು. ರಾಯರ ತಮ್ಮ ಆ ಮೇನಲ್ಲಿ ಹೋದರು. ರಾಯರು ಗೇಟಿಗೆ ಬರುವುದನ್ನು ಬಿಟ್ಟರು. ಅಮ್ಮ ದಿನಾ ಸಾರು ಮಾಡುತ್ತಿದ್ದರು, ಡಬ್ಬಿಯನ್ನು ನಾನು ಅವರ ಕಾಂಪೌಂಡಿನ ಮೇಲಿಟ್ಟು ಬರುತ್ತಿದ್ದೆ. ಡಬ್ಬಿ ತೊಳೆದು ವಾಪಸು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಹಾಗಾಗಿ 2022ರ ಜನವರಿಯಲ್ಲಿ ಒಮಿಕ್ರಾನ್ ಬಂದು, ಶುಕ್ರವಾರ ರಾತ್ರಿ ಹತ್ತರಿಂದ ಸೋಮವಾರ ಬೆಳಿಗ್ಗೆ ಐದರವರೆಗೆ ವಾರಾಂತ್ಯ ಕರ್ಫ್ಯೂ ಎಂದಾಗ, ಎದುರು ಗೇಟಿನಿಂದ "ಅಲ್ರೀ ಜಂಟಿ ಕಾರ್ಯದರ್ಶೀ!" ಎಂಬ ಕೂಗು ಕೇಳಿ ನನಗಾದ ಸಂತೋಷಕ್ಕೆ ಪಾರವಿರಲಿಲ್ಲ. ಅತ್ತ ಕಾಂಗ್ರೆಸ್ಸಿನವರು 9ನೇ ತಾರೀಕು, ಭಾನುವಾರ, ಕರ್ಫ್ಯೂವಿನ ಮಧ್ಯೆಯೇ ಸಂಗಮದಿಂದ ಮೇಕೆದಾಟು ಪಾದಯಾತ್ರೆ ಹೊರಟಿದ್ದರು. ಸಾವಿರಾರು ಜನ ಕನಕಪುರದ ರಸ್ತೆಯಲ್ಲಿ ನಡೆಯಬಹುದು, ನಾನು ಕನಕಪುರ ರಸ್ತೆಯ ಹೋಟೆಲಿಗೆ ದೋಸೆ ತಿನ್ನಲು ಹೋಗಬಾರದೇ ಎಂಬುದು ರಾಯರ ಪ್ರಶ್ನೆ. ಈ ಸಲ ನಾನು ಅವರನ್ನು ವಿರೋಧಿಸಲಿಲ್ಲ. ವಾರಾಂತ್ಯ ಕರ್ಫ್ಯೂ ಸರ್ವಾಧಿಕಾರ, ಹೋಟೆಲಿನವರ ಹೊಟ್ಟೆಗೆ ಹೊಡೆತ, ಸಂವಿಧಾನ ಎಂದೆಲ್ಲ ಇಬ್ಬರೂ ಒಂದೇ ಗೇಟಿಗೆ ಒರಗಿ ಕೂಗಿದೆವು. ಕೇಳುವವರು ಯಾರೂ ಇರಲಿಲ್ಲ, ಕರ್ಫ್ಯೂ ಇತ್ತಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲವೂ ಆ ಗದ್ದಲದಲ್ಲೇ ಬಂತು. ಎಳ್ಳು ಬೀರುವುದು ಅಗತ್ಯ ಸೇವೆ ಎಂದು ಅಮ್ಮ ಅಣ್ಣನ ಪೆನ್ಸಿಲ್ ಕಸಿದುಕೊಂಡು ತಾವೇ ಮಾರ್ಗಸೂಚಿಯಲ್ಲಿ ಬರೆದರು.

ಪಾದಯಾತ್ರೆ ರಾಮನಗರದಲ್ಲಿ ನಿಂತಿತು. 21ರಂದು ಸರ್ಕಾರ ವಾರಾಂತ್ಯ ಕರ್ಫ್ಯೂವನ್ನು ತೆಗೆದುಹಾಕಿತು. ರಾಯರೂ ನಾನೂ ಗೆದ್ದಿದ್ದೆವು. ವಿಜಯೋತ್ಸವಕ್ಕೆ ಕಾಫಿ ಕುಡಿಯುತ್ತಿರುವಾಗ ಇವಳ ಫೋನು ರಿಂಗಾಯಿತು. ಅವಳ ಸೋದರಮಾವನಿಗೆ ಭಾನುವಾರ ಅರವತ್ತರ ಶಾಂತಿ, ಕೆಂಗೇರಿಯಲ್ಲಿ. ಕರ್ಫ್ಯೂ ಅಂತ ಹಿಂಜರಿದಿದ್ದರಂತೆ, ಈಗ ತೆಗೆದರಲ್ಲ, ಎಲ್ಲರೂ ಬನ್ನಿ ಎಂದರಂತೆ.

ಆ ಮಾವ ಸಿಕ್ಕಿದವರಿಗೆಲ್ಲ ತಮ್ಮ ಮಂಡಿ ಶಸ್ತ್ರಚಿಕಿತ್ಸೆಯನ್ನು ಆದಿಯಿಂದ ಹೇಳುವವರು. ನನಗೆ ತಟ್ಟನೆ ಸಾರ್ವಜನಿಕ ಆರೋಗ್ಯದ ಚಿಂತೆ ಹತ್ತಿತು. "ಸರ್ಕಾರ ಅವಸರ ಮಾಡಿತು, ಕೇಸು ಇನ್ನೂ ಇಳಿದಿಲ್ಲ," ಎಂದೆ. "ಅಣ್ಣ, ಸಭೆ ಸಮಾರಂಭಕ್ಕೆ ಮಿತಿ ಏನೋ ಇತ್ತಲ್ಲ, ನೋಡಿ." ಅಣ್ಣ ಉತ್ಸಾಹದಿಂದ ಕಡತ ತೆಗೆದರು. ಮದುವೆಯಾದರೆ ಒಳಾಂಗಣದಲ್ಲಿ ನೂರು ಜನ. ಶಾಂತಿಗೆ? ಅರವತ್ತರಲ್ಲಿ ಮಾಂಗಲ್ಯಧಾರಣೆ ಮತ್ತೊಮ್ಮೆ ಆಗುವುದರಿಂದ ಅದು ಮದುವೆಯ ಬಾಬ್ತಿಗೇ ಬರುತ್ತದೆ ಎಂದು ಬಹಳ ಹೊತ್ತು ಯೋಚಿಸಿ ಷರಾ ಬರೆದರು. ನಾನು ಆಸೆಯಿಂದ ಇವಳ ಮುಖ ನೋಡಿದೆ.

"ನೂರರೊಳಗೆ ನಾವು ಐದು ಜನ ಇದ್ದೀವಿ. ಪಂಚೆ ತೆಗೆದಿಟ್ಟಿದ್ದೀನಿ, ಇಸ್ತ್ರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಬೆಳಗಾವಿ ನೆನಪಿಸಬೇಕಾಗುತ್ತೆ."

ಭಾನುವಾರ ಕೆಂಗೇರಿಯ ಛತ್ರದಲ್ಲಿ ಮಂಡಿಯ ಕಥೆಯನ್ನು ಪೂರ್ತಿ ಕೇಳಿ ಊಟಕ್ಕೆ ಕೂತೆವು. ಅಣ್ಣ ನನ್ನ ಪಕ್ಕದ ಎಲೆ. ಅವರು ಊಟ ಶುರುಮಾಡದೆ ಪಂಕ್ತಿಯನ್ನು ಈ ತುದಿಯಿಂದ ಆ ತುದಿಗೆ ಎಣಿಸುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ನೂರಾ ನಲವತ್ತು ಆಗುತ್ತೆ ಕಣೋ. ಹೊರಗೆ ಎರಡನೇ ಪಂಕ್ತಿಗೆ ಕಾಯ್ತಿರೋರು ಬೇರೆ. ಯಾರಿಗಾದ್ರೂ ಹೇಳ್ಬೇಕಲ್ವೇನೋ?"

"ಸುಮ್ನಿರಿ ಅಣ್ಣ," ಎಂದೆ. "ಹೋಳಿಗೆ ಈ ಕಡೆಗೇ ಬರ್ತಿದೆ."